ಇಂಡಿಯನ್ ಲುಕ್ ಅಂದ್ರೆ ಯಾವ ಊರಿನದು?

"ಚೆನ್ನಾಗಿದೆ. ಆದ್ರೆ ಇಂಡಿಯನ್ ಅನ್ನಿಸ್ತಾ ಇಲ್ಲ."

ಮಂಗಳವಾರದ ಮೀಟಿಂಗಿನಲ್ಲಿ ಕೇಳಿದ ಮಾತು. ಅವತ್ತಿನಿಂದ ತಲೆಯಲ್ಲಿ ಸುತ್ತುತ್ತಲೇ ಇದೆ.

ಹೊರದೇಶಕ್ಕೆ ಹೋಗುವ ಜೋಳದ ತಿಂಡಿಯ ಡಬ್ಬಿಗೆ ನಾನು ಮಾಡಿದ ಡಿಸೈನ್ ಅದು. ಜೋಳ ಬಾಗಲಕೋಟೆ ಕಡೆಯದು, ಹಾಗಾಗಿ ನಾನು ಅದೇ ಕಡೆಯ ಇಳಕಲ್ ಸೀರೆಯನ್ನು ಹಿಡಿದುಕೊಂಡಿದ್ದೆ. ಕೆಂಪು ಸೆರಗು, ಅದರಲ್ಲಿ ಗೋಪುರದ ಹಾಗೆ ಏಳುವ ಬಿಳಿ ಟೋಪ್ ತೆನಿ ವಿನ್ಯಾಸ, ಪಕ್ಕಕ್ಕೆ ಗೋಮಿ ದಡಿ ಅನ್ನುವ ಅಂಚು. ಹೆಸರು ದೊಡ್ಡದಾಗಿ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ. ಸ್ಕ್ರೀನಿನ ಮೇಲೆ ಬಂದ ಕೂಡಲೇ ತಿಂಡಿ ಕಂಪನಿಯ ಟೀಮಿನ ಹುಡುಗಿಯೊಬ್ಬಳು, ಗಜೇಂದ್ರಗಡದ ಕಡೆಯವಳು, "ಅಯ್ಯ, ಇದು ನಮ್ಮಜ್ಜಿ ಸೀರಿ ಸೆರಗು!" ಅಂದಳು. ಎಲ್ಲರೂ ನಕ್ಕರು. ಆಮೇಲೆ ಅವಳ ಬಾಸ್ ಆ ಮಾತು ಹೇಳಿದರು. ಅವಳು ಲ್ಯಾಪ್‌ಟಾಪಿನ ಕಡೆ ತಿರುಗಿದಳು.

ಬಾಸ್ ಕೆಟ್ಟವರಲ್ಲ. ತಾಳ್ಮೆಯಿಂದ ಕೇಳುತ್ತಾರೆ, ದುಡ್ಡು ಸರಿಯಾಗಿ ಕೊಡುತ್ತಾರೆ. ಫೋನ್ ತೆಗೆದು ಒಂದು ರೆಸ್ಟೋರೆಂಟಿನ ಬೋರ್ಡ್ ತೋರಿಸಿದರು. ನಾಗರಿ ಲಿಪಿಯ ಹಾಗೆ ಮೇಲೊಂದು ಗೆರೆ, ಅದಕ್ಕೆ ನೇತುಹಾಕಿದ ಇಂಗ್ಲಿಷ್ ಅಕ್ಷರಗಳು, ಪಕ್ಕದಲ್ಲಿ ಮಂಡಲ, ನವಿಲು. "ನೋಡಿದ ತಕ್ಷಣ ಇಂಡಿಯಾ ಅಂತ ಗೊತ್ತಾಗ್ಬೇಕು."

ಆ ಗೆರೆಯೇ ನನ್ನನ್ನು ಚುಚ್ಚಿದ್ದು. ಹಿಂದಿ, ಮರಾಠಿಗೆ ಅದು ಸಹಜ, ಬಂಗಾಳಿಗೂ ಪಂಜಾಬಿಗೂ ಇದೆ. ಕನ್ನಡಕ್ಕಿಲ್ಲ. ತೆಲುಗು, ತಮಿಳು, ಮಲಯಾಳಕ್ಕಿಲ್ಲ, ಗುಜರಾತಿಗೂ ಇಲ್ಲ. ನಮ್ಮಲ್ಲಿ ತಲೆಕಟ್ಟು ಒಂದೊಂದು ಅಕ್ಷರಕ್ಕೂ ಬೇರೆ ಬೇರೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ. ಈ ಕೆಲಸದಲ್ಲಿರುವವರಿಗೆ ಗೊತ್ತು, ಇಂಗ್ಲಿಷಿನ ಅಳತೆಗೆ ಸಾಲಿನ ಅಂತರ ಮೊದಲೇ ಇಟ್ಟು, ಕೊನೆಗೆ ಉಳಿದ ಜಾಗದಲ್ಲಿ ಕನ್ನಡ ತುರುಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಆಗ ಕನ್ನಡ ಚೆನ್ನಾಗಿ ಕಾಣಲ್ಲ ಅಂತಾರೆ. ಜಾಗವನ್ನೇ ಕೊಡದೆ ಹೇಗೆ ಚೆನ್ನಾಗಿ ಕಾಣಬೇಕು?

ಅವರ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ದೂರದ ದೇಶದ ಅಂಗಡಿಯಲ್ಲಿ ಡಬ್ಬಿ ಕೈಗೆತ್ತಿಕೊಳ್ಳುವವರಿಗೆ ಇಳಕಲ್ ಗೊತ್ತಿಲ್ಲ, ನಿಜ. ಆದರೆ ಮಧುಬನಿ ಚಿತ್ರವೂ ಒಂದು ಕಾಲಕ್ಕೆ ಅವರಿಗೆ ಗೊತ್ತಿರಲಿಲ್ಲ. ಬಿಹಾರದ ಮನೆಗಳ ಗೋಡೆ ಮೇಲಿದ್ದದ್ದು ಕಾಗದಕ್ಕೆ ಬಂತು, ತೋರಿಸುತ್ತಾ ಹೋದರು, ಗೊತ್ತಾಯಿತು. ನಮ್ಮದನ್ನು ನಾವೇ ಮುಚ್ಚಿಟ್ಟುಕೊಂಡು ಯಾರಿಗೂ ಗೊತ್ತಿಲ್ಲ ಅಂದರೆ ಹೇಗೆ?

ಅವತ್ತು ಸಂಜೆ ತರಕಾರಿ ಅಂಗಡಿಯಲ್ಲಿ ಚಿಲ್ಲರೆಗೆ ಪರ್ಸ್ ತೆಗೆದಾಗ ನೋಟುಗಳನ್ನು ನೋಡುತ್ತಾ ನಿಂತುಬಿಟ್ಟೆ. 50 ರೂಪಾಯಿ ಮೇಲೆ ನಮ್ಮ ಹಂಪಿಯ ಕಲ್ಲಿನ ರಥ, 10ರ ಮೇಲೆ ಕೋನಾರ್ಕ್, 20ರ ಮೇಲೆ ಎಲ್ಲೋರ, 100ರ ಮೇಲೆ ಗುಜರಾತಿನ ಪಾಟಣದ ಮೆಟ್ಟಿಲು ಬಾವಿ, ರಾಣಿ ಕಿ ವಾವ್, 200ರ ಮೇಲೆ ಸಾಂಚಿ. ಹಿಂದುಗಡೆಯ ಪಟ್ಟಿಯಲ್ಲಿ 15 ಭಾಷೆ, ಕನ್ನಡ ನಾಲ್ಕನೆಯದು. ಒಂದರಂತೆ ಇನ್ನೊಂದಿಲ್ಲ. ಹಂಪಿಯ ರಥ ನೋಡಿ ಈ ನೋಟು ಇಂಡಿಯನ್ ಅನ್ನಿಸ್ತಾ ಇಲ್ಲ ಅಂತ ಯಾರಾದರೂ ವಾಪಸ್ ಕೊಟ್ಟಿದ್ದಾರಾ? ದೇಶದ ದುಡ್ಡೇ ಒಂದೊಂದು ಊರಿನ ಹೆಸರು ಹೇಳಿಕೊಂಡು ಓಡಾಡುತ್ತಿರುವಾಗ ಒಂದು ತಿಂಡಿ ಡಬ್ಬಿ ಯಾಕೆ ಊರು ಬಿಟ್ಟು ಬರಬೇಕು?

ಆ ಹುಡುಗಿಯ ಮಾತು ಮತ್ತೆ ಮತ್ತೆ ನೆನಪಾಗುತ್ತದೆ. ನಮ್ಮಜ್ಜಿ ಸೀರಿ ಸೆರಗು. ಆ ಕೋಣೆಯಲ್ಲಿ ಡಬ್ಬಿಯನ್ನು ಸರಿಯಾಗಿ ಓದಿದವಳು ಅವಳೊಬ್ಬಳೇ. ಅವಳು ಸುಮ್ಮನಾಗಿದ್ದಕ್ಕೆ ನನಗೆ ಸಿಟ್ಟಿಲ್ಲ, ಆ ಕುರ್ಚಿಯಲ್ಲಿ ಕೂತು ಬಾಸಿಗೆ ಎದುರಾಡುವುದು ಸುಲಭ ಅಲ್ಲ. ಸಿಟ್ಟು ಬರುವುದು ಅವಳು ಹೇಳಿದ್ದಕ್ಕೆ ಎಲ್ಲರೂ ನಕ್ಕು ಮುಂದೆ ಹೋಗಿ, ಬಾಸ್ ಹೇಳಿದ್ದನ್ನು ಮಾತ್ರ ನೋಟ್ಸಿನಲ್ಲಿ ಬರೆದುಕೊಂಡಿದ್ದಕ್ಕೆ. ಅಜ್ಜಿಯ ಸೀರೆ ಇಂಡಿಯನ್ ಅಲ್ಲ ಅಂದರೆ ಅಜ್ಜಿ ಯಾವ ದೇಶದವರು?

ನಿನ್ನೆ ಮೇಲ್ ಹಾಕಿದೆ. ಸೆರಗು ತೆಗೆಯಲ್ಲ, ಡಬ್ಬಿಯ ಪಕ್ಕದಲ್ಲಿ ಇದು ಎಲ್ಲಿಯ ನೇಯ್ಗೆ ಅಂತ ಇಂಗ್ಲಿಷಿನಲ್ಲಿ ಎರಡು ಸಾಲು ಸೇರಿಸುತ್ತೇನೆ, ಮುಂದಿನ ಮೀಟಿಂಗಿನಲ್ಲಿ ಆ ಹುಡುಗಿಯ ಅಭಿಪ್ರಾಯ ಮೊದಲು ಕೇಳೋಣ ಅಂತ ಬರೆದಿದ್ದೇನೆ. ನವಿಲು ಬೇಕೇ ಬೇಕು ಅಂದರೆ ಇಳಕಲ್ ಸೀರೆ ಮೇಲೆ ಹಾಕುವ ಧಾರವಾಡದ ಕಸೂತಿಯಲ್ಲೇ ನವಿಲಿದೆ, ಎಳೆ ಎಣಿಸಿ ಗಂಟಿಲ್ಲದೆ ಹಾಕುವಂಥದ್ದು, ಅದರ ಚಿತ್ರವನ್ನೂ ಜೊತೆಗೆ ಕಳಿಸಿದ್ದೇನೆ.