ಫೈಬರ್ ಬಂತು, ಲ್ಯಾಪ್‌ಟಾಪ್ ಒಪ್ಪಲಿಲ್ಲ

ಶುಕ್ರವಾರ, ಜುಲೈ 11, 2025. ಸಾಗರ ತಾಲ್ಲೂಕು

ಅಂತೂ ನಮ್ಮ ಮನೆಗೂ ಫೈಬರ್ ಬಂತು. ರಸ್ತೆ ಬದಿಯ ಕಂಬದಿಂದ ತೋಟದ ಅಂಚು ಹಿಡಿದು, ಕೊಟ್ಟಿಗೆ ಮಾಡಿನ ಕೆಳಗೆ ನುಸುಳಿ, ಜಗಲಿ ಕಿಟಕಿಗೆ ಒಂದು ಕಪ್ಪು ಚಪ್ಪಟೆ ಕೇಬಲ್ ಬಂದು ಮುಟ್ಟಿದೆ. ಎಳೆದು ಕಟ್ಟಲು ಬೇಕಾದ ಬಿಗಿ ಬರಲಿ ಎಂದು ಒಳಗೊಂದು ಉಕ್ಕಿನ ತಂತಿ ಇದೆ. ಬೆಳಕು ಹೋಗುವ ಗಾಜಿನ ಎಳೆ ಮಾತ್ರ ಹೊದಿಕೆ ಸೇರಿ ಕಾಲು ಮಿಲಿಮೀಟರ್ ದಪ್ಪ.

ಲೈನ್ ಹುಡುಗ ಕೆಲಸ ಮಾಡುವುದನ್ನು ನಾನು, ಅಪ್ಪ ಇಬ್ಬರೂ ಬಗ್ಗಿ ನೋಡಿದೆವು. ಎಳೆಯನ್ನು ಸುಲಿದ, ಸ್ಪಿರಿಟ್ ಹಾಕಿ ಒರೆಸಿದ, ಸಣ್ಣ ಕಟ್ಟರ್‌ನಲ್ಲಿ ಟಕ್ಕನೆ ಕತ್ತರಿಸಿದ. ಎರಡು ತುದಿಗಳನ್ನು ಸ್ಪ್ಲೈಸಿಂಗ್ ಮಷಿನ್ನಿನ ಒಳಗಿಟ್ಟು ಮುಚ್ಚಳ ಹಾಕಿದ. ಪುಟ್ಟ ಪರದೆಯ ಮೇಲೆ ಎರಡೂ ತುದಿ ಎದುರುಬದುರು ಕಂಡವು, ಮೆಲ್ಲಗೆ ಹತ್ತಿರ ಬಂದವು, ಚಿಟ್ ಎಂದು ಕಿಡಿ ಹಾರಿತು. ಅಷ್ಟೇ, ಗಾಜು ಗಾಜು ಕೂಡಿಕೊಂಡಿತು. ಮೀಟರ್ ಹಚ್ಚಿ ನೋಡಿ "ಮೈನಸ್ 19, ಒಳ್ಳೆ ಪವರ್ ಇದೆ ಸಾರ್" ಎಂದ.

ಮೈನಸ್ ಇದ್ದರೂ ಹೇಗೆ ಒಳ್ಳೆಯದು ಎಂದು ಅಪ್ಪನ ಪ್ರಶ್ನೆ. ಇದು ಡಿಬಿಎಂ ಲೆಕ್ಕ. ಸೊನ್ನೆ ಅಂದರೆ ಒಂದು ಮಿಲಿವಾಟ್ ಬೆಳಕು. ಅಲ್ಲಿಂದ ಪ್ರತಿ 10 ಇಳಿದಾಗಲೂ ಬೆಳಕು ಹತ್ತರಲ್ಲಿ ಒಂದು ಪಾಲಾಗುತ್ತದೆ. ಮೈನಸ್ 19 ಅಂದರೆ ಒಂದು ಮಿಲಿವಾಟ್‌ನ ಎಂಬತ್ತರಲ್ಲಿ ಸುಮಾರು ಒಂದು ಪಾಲು. ಮನೆಯಲ್ಲಿಡುವ ಓಎನ್‌ಟಿ ಪೆಟ್ಟಿಗೆಗೆ (ಫೈಬರಿನ ಬೆಳಕನ್ನು ಹಿಡಿದು ವೈಫೈ ಕೊಡುವುದು ಇದೇ) ಅಷ್ಟು ಧಾರಾಳ ಸಾಕು. ಮೈನಸ್ 27 ದಾಟಿದರೆ ಮಾತ್ರ ಅದಕ್ಕೆ ಕಷ್ಟ.

ಹಸಿರು ದೀಪ ಹತ್ತಿತು. ಫೋನ್‌ಗಳಿಗೆಲ್ಲ ವೈಫೈ ಸಿಕ್ಕಿತು. ಅಮ್ಮನ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಟ್ಟೆ. ಇನ್ನು ಮೇಲೆ ಮಾತಾಡಲು ಅಂಗಳದ ತುದಿಗೆ ಕೊಡೆ ಹಿಡಿದು ಹೋಗಬೇಕಾಗಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಜನ ಫೈಬರ್ ಹಾಕಿಸುವುದೇ ಇದಕ್ಕೆ. ಸಿನಿಮಾ ಎಲ್ಲ ಆಮೇಲೆ.

ಎಲ್ಲ ಆಯಿತು, ನನ್ನ ಲ್ಯಾಪ್‌ಟಾಪ್ ಒಂದನ್ನು ಬಿಟ್ಟು. 2012ರಲ್ಲಿ ಕೊಂಡದ್ದು. ಹೊಸ ವೈಫೈ ಹೆಸರು ಪಟ್ಟಿಯಲ್ಲಿ ಕಾಣುತ್ತದೆ, ಪಾಸ್‌ವರ್ಡ್ ಹಾಕಿದರೆ "ಈ ನೆಟ್‌ವರ್ಕ್‌ಗೆ ಸೇರಲು ಆಗುತ್ತಿಲ್ಲ" ಎನ್ನುತ್ತದೆ. ಹುಡುಗ ಒಂದು ಸಲ ನೋಡಿದ. "ಹಳೇದಾಯ್ತು ಸಾರ್, ಹೊಸದು ತಗೊಳ್ಳಿ" ಎಂದು ಬೈಕ್ ಹತ್ತಿದ. ಹಳೆಯದು ಅನ್ನುವುದು ಒಂದು ಕಾರಣವೇ? ಹಳೆಯದರಲ್ಲಿ ಏನು ಹಳೆಯದು ಎಂದು ಹೇಳಿದರೆ ಕಾರಣ. ಬರೀ ಹಳೆಯದು ಅಂದರೆ ಅದು ಬೈಗುಳ.

ಶನಿವಾರ, ಜುಲೈ 12

ಮಳೆ ಬಿಡಲೇ ಇಲ್ಲ. ತೋಟಕ್ಕೆ ಹೋಗುವ ಮಾತೇ ಇಲ್ಲದ್ದರಿಂದ ಬೆಳಗ್ಗೆಯೇ ಲ್ಯಾಪ್‌ಟಾಪ್ ಮುಂದೆ ಕೂತೆ.

ಮೊದಲು ಅದರ ವೈಫೈ ಕಾರ್ಡ್ ಎಂಥದ್ದು ಎಂದು ನೋಡಬೇಕಿತ್ತು. ಕಮಾಂಡ್ ಪ್ರಾಂಪ್ಟ್ ತೆರೆದು 'ನೆಟ್‌ಶ್ ಡಬ್ಲ್ಯುಲ್ಯಾನ್ ಶೋ ಡ್ರೈವರ್ಸ್' ಎಂದು ಕೊಟ್ಟರೆ ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ರೇಡಿಯೋ ಟೈಪ್ ಎಂಬ ಸಾಲು ಮುಖ್ಯ. ನನ್ನದರಲ್ಲಿ 802.11 ಬಿ, ಜಿ, ಎನ್ ಎಂಬ ವೈಫೈ ಬಗೆಗಳು ಅಷ್ಟೇ ಇವೆ. ಎ ಇಲ್ಲ, ಎಸಿ ಇಲ್ಲ. ಅಂದರೆ 5 ಗಿಗಾಹರ್ಟ್ಸ್ ಅನ್ನುವ ವೈಫೈ ಬ್ಯಾಂಡ್ ಇದಕ್ಕೆ ಗೊತ್ತೇ ಇಲ್ಲ. ಇದರ ಪ್ರಪಂಚವೆಲ್ಲ 2.4ರಲ್ಲಿ. ಅದೇ ಪಟ್ಟಿಯ ಕೆಳಗೆ ಯಾವ ಯಾವ ಭದ್ರತೆ ಗೊತ್ತು ಎಂದೂ ಬರೆದಿರುತ್ತದೆ. ಡಬ್ಲ್ಯುಪಿಎ2 ಇದೆ, ಡಬ್ಲ್ಯುಪಿಎ3 ಇಲ್ಲ. ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ, ಈ ಕಾರ್ಡು ಅದಕ್ಕಿಂತ ಹಳೆಯದು.

ಇನ್ನು ಆ ಕಡೆ. ಫೋನಿನ ಬ್ರೌಸರ್‌ನಲ್ಲಿ 192.168.1.1 ಎಂದು ಕೊಟ್ಟು ಓಎನ್‌ಟಿಯ ಪುಟಕ್ಕೆ ಹೋದೆ. ಪಾಸ್‌ವರ್ಡ್ ಪೆಟ್ಟಿಗೆಯ ತಳದ ಸ್ಟಿಕರ್ ಮೇಲೆಯೇ ಇತ್ತು. (ಮೊದಲು ಅದನ್ನು ಬದಲಾಯಿಸಿದೆ. ನೀವೂ ಮಾಡಿ.) ಎರಡೂ ಬ್ಯಾಂಡಿಗೆ ಒಂದೇ ಹೆಸರು ಇಟ್ಟಿದ್ದರು, ಭದ್ರತೆ ಡಬ್ಲ್ಯುಪಿಎ2 ಮತ್ತು 3 ಎರಡೂ ಬೆರೆತದ್ದು. ಹಳೆ ಕಾರ್ಡುಗಳು ಕೂಡ ಈ ಬೆರಕೆಯಲ್ಲಿ ಸೇರಿಕೊಳ್ಳಬೇಕು ಎನ್ನುವುದು ಲೆಕ್ಕ. ಆದರೆ ಹಳೆ ಡ್ರೈವರ್‌ಗಳು, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶಗಳು, ಇಲ್ಲೇ ತಬ್ಬಿಬ್ಬಾಗುತ್ತವೆ. ನಾನು 2.4ಕ್ಕೆ ಬೇರೆ ಹೆಸರು ಕೊಟ್ಟು, ಅದಕ್ಕೆ ಮಾತ್ರ ಡಬ್ಲ್ಯುಪಿಎ2 ಎಇಎಸ್ ಎಂದು ಆರಿಸಿದೆ. 5ನ್ನು ಹಾಗೇ ಬಿಟ್ಟೆ.

ಇಲ್ಲೊಂದು ಎಚ್ಚರ. ಅದೇ ಪಟ್ಟಿಯಲ್ಲಿ ಟಿಕೆಐಪಿ ಎಂಬ ಆಯ್ಕೆಯೂ ಇರುತ್ತದೆ. ಹಳೆ ಯಂತ್ರ ಅಲ್ವಾ, ಹಳೆ ಭದ್ರತೆ ಇರಲಿ ಎಂದು ಅದನ್ನು ಒತ್ತಬೇಡಿ. ಟಿಕೆಐಪಿ ಹಾಕಿದರೆ 'ಎನ್' ವೇಗ ಸಿಗುವುದಿಲ್ಲ, ಲಿಂಕ್ 54 ಎಂಬಿಪಿಎಸ್‌ಗೆ ಇಳಿಯುತ್ತದೆ. ಭದ್ರತೆಯೂ ಸಡಿಲ.

ಹೆಸರು ಒತ್ತಿದೆ, ಪಾಸ್‌ವರ್ಡ್ ಹಾಕಿದೆ, ಸೇರಿಕೊಂಡಿತು. ಲಿಂಕ್ ವೇಗ 72 ಎಂದು ತೋರಿಸಿತು. ಒಂದೇ ಆಂಟೆನಾದ, 20 ಮೆಗಾಹರ್ಟ್ಸ್ ಅಗಲದ ಸಂಪರ್ಕಕ್ಕೆ ಅದೇ ಗರಿಷ್ಠ. ನಿಜವಾಗಿ ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು. ನಾವು ದುಡ್ಡು ಕೊಡುವುದು 150 ಎಂಬಿಪಿಎಸ್‌ಗೆ. ಮೇನ್ ಪೈಪು ನಾಲ್ಕಿಂಚಿದ್ದರೂ ಸ್ಪ್ರಿಂಕ್ಲರ್ ಜೆಟ್ಟಿನ ತೂತು ಎಷ್ಟೋ ಅಷ್ಟೇ ನೀರು ಹಾರುವುದು, ಅಪ್ಪನಿಗೆ ಹಾಗೆ ಹೇಳಿದೆ, ತಕ್ಷಣ ಅರ್ಥವಾಯಿತು.

ಸಂಜೆ ಒಂದು ತಮಾಷೆ ನಡೆಯಿತು. ನಮ್ಮದು ಹಳೆ ಮನೆ, ಮಣ್ಣಿನ ಗೋಡೆ, ಒಂದೊಂದೂ ಮೊಳದಷ್ಟು ದಪ್ಪ. ಓಎನ್‌ಟಿ ಇರುವುದು ಜಗಲಿಯಲ್ಲಿ, ನಾನು ಕೆಲಸ ಮಾಡುವುದು ಅಟ್ಟದ ಕೋಣೆಯಲ್ಲಿ. ಅಲ್ಲಿಗೆ ಹೋದರೆ ತಮ್ಮನ ಹೊಸ ಫೋನಿನ 5 ಗಿಗಾಹರ್ಟ್ಸ್ ಪೂರ್ತಿ ಕೈಕೊಟ್ಟಿತು. ನನ್ನ ಲ್ಯಾಪ್‌ಟಾಪ್ ನಿಧಾನವಾಗಿಯಾದರೂ ನಡೆಯಿತು. ಗೋಡೆ ದಾಟುವುದರಲ್ಲಿ 2.4 ಮುಂದು. ಇನ್ನು ಚಾನೆಲ್ ಗಲಾಟೆ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ, 1, 6 ಮತ್ತು 11. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಅದಕ್ಕೇ ಕಿತ್ತಾಟ. ಇಲ್ಲಿ ಪಕ್ಕದ ಮನೆ ಇರುವುದೇ ತೋಟದ ಆಚೆ. ಮೂರೂ ನಮ್ಮದೇ.

ಭಾನುವಾರ, ಜುಲೈ 13

ಇವತ್ತು ತಂತಿ ಎಳೆದೆ. ಅಟ್ಟದ ಹಲಗೆ ಸಂದಿಯಿಂದ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಇಳಿಸಿ ಓಎನ್‌ಟಿಗೆ ಸಿಕ್ಕಿಸಿದೆ. ವೈಫೈ ಆಫ್ ಮಾಡಿದೆ. ತಂತಿಯಲ್ಲಾದರೆ ತಾನೇ ಹಿಡಿಯಬೇಕು, ಯಾವ ಪಾಸ್‌ವರ್ಡೂ ಇಲ್ಲ. ಹಿಡಿಯಲಿಲ್ಲ. ಹಳದಿ ತ್ರಿಕೋನ, 'ಇಂಟರ್ನೆಟ್ ಇಲ್ಲ'. ಅಪ್ಪ ಕೆಳಗಿಂದಲೇ "ಹೊಸದು ತಗೊಂಡುಬಿಡು ಮಾರಾಯಾ" ಎಂದು ಕೂಗಿದರು.

ಇಂಥ ಹೊತ್ತಲ್ಲಿ ನಾನು ಹತ್ತಿರದಿಂದ ದೂರಕ್ಕೆ ಹೋಗುತ್ತೇನೆ. ಮೊದಲು 192.168.1.1ಕ್ಕೆ ಪಿಂಗ್ ('ಇದ್ದೀಯಾ' ಎಂದು ಕೇಳುವ ಸಣ್ಣ ಸಂದೇಶ), ಅಂದರೆ ಮನೆಯ ಪೆಟ್ಟಿಗೆಯವರೆಗೆ. ಅದು ಉತ್ತರ ಕೊಟ್ಟರೆ 8.8.8.8ಕ್ಕೆ, ಅಂದರೆ ಹೊರಗಿನ ಲೋಕದವರೆಗೆ. ಅದೂ ಕೊಟ್ಟರೆ ಯಾವುದಾದರೂ ಜಾಲತಾಣದ ಹೆಸರಿಗೆ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಕೆಟ್ಟಿದೆ ಎಂದರ್ಥ. ಎಲ್ಲಿ ಉತ್ತರ ನಿಲ್ಲುತ್ತದೋ ದೋಷ ಅಲ್ಲಿದೆ. ನನ್ನದು ಮೊದಲ ಹೆಜ್ಜೆಯಲ್ಲೇ ನಿಂತಿತು. ಮನೆಯ ಪೆಟ್ಟಿಗೆಯೇ ಸಿಗುತ್ತಿಲ್ಲ! ಕಂಪನಿಗೆ ಫೋನ್ ಮಾಡಿ ಕಾಯುವ ಅಗತ್ಯವಂತೂ ಉಳಿಯಲಿಲ್ಲ.

'ಐಪಿಕಾನ್ಫಿಗ್' ಕೊಟ್ಟು ನೋಡಿದೆ. ಪೆಟ್ಟಿಗೆ ವಿಳಾಸ ಕೊಡದೇ ಹೋದಾಗ ವಿಂಡೋಸ್ ತಾನೇ 169.254ರಿಂದ ಶುರುವಾಗುವ ಒಂದನ್ನು ಹಾಕಿಕೊಳ್ಳುತ್ತದೆ. ಅದನ್ನೇ ನಿರೀಕ್ಷಿಸಿದ್ದೆ. ಇದ್ದದ್ದು 10.10ರಿಂದ ಶುರುವಾಗುವ ಯಾವುದೋ ವಿಳಾಸ. ಆಗ ಹೊಳೆಯಿತು. ಕೆಲವು ವರ್ಷ ಬಾಡಿಗೆ ಮನೆಯಲ್ಲಿದ್ದಾಗ ಅಲ್ಲಿನ ಕೇಬಲ್‌ನವರು ಇಂಟರ್ನೆಟ್ ಕೊಟ್ಟಿದ್ದರು. ಅವರ ಹುಡುಗ ಬಂದು ಪ್ರತಿ ಮನೆಯ ಕಂಪ್ಯೂಟರಿಗೂ ಒಂದೊಂದು ಐಪಿ ವಿಳಾಸ ಕೈಯಲ್ಲೇ ತುಂಬಿ ಹೋಗುತ್ತಿದ್ದ. ಆ ವಿಳಾಸ ಇಷ್ಟು ವರ್ಷ ತಂತಿ ಸಿಕ್ಕಿಸುವ ಲ್ಯಾನ್ ಪೋರ್ಟಿನಲ್ಲಿ ಗಟ್ಟಿಯಾಗಿ ಕೂತಿತ್ತು. ವೈಫೈ ಮತ್ತು ಲ್ಯಾನ್ ಎರಡಕ್ಕೂ ಸೆಟ್ಟಿಂಗ್ ಬೇರೆಬೇರೆ. ಅದಕ್ಕೇ ನಿನ್ನೆ ವೈಫೈನಲ್ಲಿ ಇದು ತಲೆ ಎತ್ತಲಿಲ್ಲ.

ಎನ್‌ಸಿಪಿಎ ಡಾಟ್ ಸಿಪಿಎಲ್ (ವಿಂಡೋಸ್‌ನ ನೆಟ್‌ವರ್ಕ್ ಸಂಪರ್ಕಗಳ ಪುಟ) ತೆರೆದು, ಈಥರ್ನೆಟ್‌ನ ಪ್ರಾಪರ್ಟೀಸ್‌ಗೆ ಹೋಗಿ, ಐಪಿವಿ4ರಲ್ಲಿ ವಿಳಾಸ, ಡಿಎನ್‌ಎಸ್ ಎರಡನ್ನೂ 'ತಾನಾಗಿ ಪಡೆ' ಎಂಬುದಕ್ಕೆ ಬದಲಾಯಿಸಿದೆ. ಡಿಎನ್‌ಎಸ್ ಮರೆಯಬೇಡಿ. ವಿಳಾಸ ಮಾತ್ರ ಸರಿಮಾಡಿ ಡಿಎನ್‌ಎಸ್ ಹಾಗೇ ಬಿಟ್ಟರೆ ಪಿಂಗ್ ಹೋಗುತ್ತದೆ, ಪುಟ ತೆರೆಯುವುದಿಲ್ಲ, ತಲೆ ಕೆಡುತ್ತದೆ. ಹಾಗೇ ಇಂಟರ್ನೆಟ್ ಆಪ್ಷನ್ಸ್‌ನಲ್ಲಿ ಹಳೆ ಪ್ರಾಕ್ಸಿ (ನಡುವೆ ನಿಲ್ಲುವ ಸರ್ವರ್) ಏನಾದರೂ ಉಳಿದಿದೆಯಾ ನೋಡಿದೆ. ಇರಲಿಲ್ಲ.

ತ್ರಿಕೋನ ಹೋಯಿತು. ಬ್ರೌಸರ್ ತೆರೆದರೆ ಹೊಸ ರಾಗ. ಯಾವ ಜಾಲತಾಣಕ್ಕೆ ಹೋದರೂ 'ನಿಮ್ಮ ಸಂಪರ್ಕ ಸುರಕ್ಷಿತವಲ್ಲ'. ಗಡಿಯಾರ ನೋಡಿದೆ. ಜನವರಿ 1, 2012. ಬೆಳಗ್ಗೆ ಕರೆಂಟ್ ಹೋಗಿತ್ತು. ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ವರ್ಷಗಳೇ ಆದವು, ಈಗ ಒಳಗಿನ ಗುಂಡಿ ಸೆಲ್ಲೂ ಹೋಗಿದೆ. ಜಾಲತಾಣ ಅಸಲಿ ಎಂದು ತೋರಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. 2012ರಲ್ಲಿ ನಿಂತು ನೋಡುವ ಯಂತ್ರಕ್ಕೆ 2025ರ ಸರ್ಟಿಫಿಕೇಟೆಲ್ಲ ಇನ್ನೂ ಶುರುವೇ ಆಗಿಲ್ಲ. ವ್ಯತ್ಯಾಸ ಇಷ್ಟು ದೊಡ್ಡದಾದರೆ ವಿಂಡೋಸ್ ತಾನಾಗಿ ತಿದ್ದಿಕೊಳ್ಳಲು ಹಿಂದೇಟು ಹಾಕುತ್ತದೆ. ಕೈಯಿಂದ ತಾರೀಖು ಹಾಕಿದೆ, ಎಲ್ಲ ತಾಣಗಳೂ ಸುರಕ್ಷಿತವಾದವು! ಸೆಲ್ ಸಿಆರ್2032, ಸಾಗರದ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ಎರಡು ಸಣ್ಣ ತಂತಿ ಬೆಸೆದು, ಪ್ಲಾಸ್ಟಿಕ್ ಸುತ್ತಿ, ಪುಟ್ಟ ಪ್ಲಗ್ ಹಾಕಿರುತ್ತಾರೆ. ಬಿಚ್ಚಿ ನೋಡಿಯೇ ತರಬೇಕು.

ತಂತಿಯಲ್ಲಿ ವೇಗ 94 ಬಂತು. ಲ್ಯಾನ್ ಪೋರ್ಟ್ 100ರದ್ದು, ಪ್ರತಿ ಪ್ಯಾಕೆಟ್ಟಿನ ಹೊದಿಕೆಗೆ ಒಂದಿಷ್ಟು ಹೋದರೆ ಉಳಿಯುವುದು ಅಷ್ಟೇ. ಇದಕ್ಕಿಂತ ಮುಂದೆ ಇದು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಒಂದು ಫೈಲ್ ಇಳಿಸುವಾಗ ಅಪ್ಪ ನೋಡಿ "11 ಅಂತ ಬರ್ತಿದೆಯಲ್ಲೋ, ಮೋಸ" ಎಂದರು. ಅದು ಮೆಗಾಬೈಟ್. ಕಂಪನಿಯವರು ಹೇಳುವುದು ಮೆಗಾಬಿಟ್. ಎಂಟರಿಂದ ಗುಣಿಸಿ ತೋರಿಸಿದ ಮೇಲೆ ಸುಮ್ಮನಾದರು. ಈ ದೇಶದಲ್ಲಿ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದು 2004ರ ನೀತಿಯಲ್ಲಿ ಬರೆದಿದ್ದರು. ಅದು 2 ಮೆಗಾಬಿಟ್‌ಗೆ ಏರಿದ್ದು 2023ರಲ್ಲಿ. 94ಕ್ಕೆ ನಾನು ಗೊಣಗುವವನಲ್ಲ.

ಗುರುವಾರ, ಜುಲೈ 17

ಬೆಳಗ್ಗೆ ಇಂಟರ್ನೆಟ್ ಇಲ್ಲ. ಮನೆಯವರೆಲ್ಲ ಅಟ್ಟದ ಕಡೆ ನೋಡಿದರು, ಲ್ಯಾಪ್‌ಟಾಪ್ ಏನೋ ಮಾಡಿದೆ ಎಂಬಂತೆ. ಫೋನುಗಳಿಗೂ ಇಲ್ಲವಲ್ಲ ಎಂದರೂ ಕೇಳುವವರಿಲ್ಲ.

ಜಗಲಿಗೆ ಇಳಿದು ನೋಡಿದರೆ ಓಎನ್‌ಟಿಯಲ್ಲಿ ಎಲ್‌ಓಎಸ್ ಎಂಬ ಕೆಂಪು ದೀಪ ಮಿಣುಕುತ್ತಿತ್ತು. ಬೆಳಕು ಬರುತ್ತಿಲ್ಲ ಎಂದರ್ಥ. ಅಡಿಕೆ ಸೋಗೆ ಬಿದ್ದು ಕೇಬಲ್ ಹರಿದಿರಬೇಕು, ಇಲ್ಲವೇ ಮಂಗ ಜೋತಾಡಿರಬೇಕು ಎಂದುಕೊಂಡೆ. ಹೊರಗೆ ಹೋಗುವ ಮೊದಲು ಪೆಟ್ಟಿಗೆಯ ಪುಟ ತೆರೆದೆ. ಇಂಟರ್ನೆಟ್ ಇಲ್ಲದಿದ್ದರೂ ಆ ಪುಟ ಬರುತ್ತದೆ, ಅದು ಮನೆಯೊಳಗಿನದೇ ತಾನೆ. ಆಪ್ಟಿಕಲ್ ಪುಟದಲ್ಲಿ ಮೈನಸ್ 31. ಪೂರ್ತಿ ಹರಿದಿದ್ದರೆ ಸಾಮಾನ್ಯವಾಗಿ ಮೈನಸ್ 40 ಎಂದೇ ತೋರಿಸುತ್ತದೆ. ಇದು ಹರಿದದ್ದಲ್ಲ, ಎಲ್ಲೋ ಮಡಿಚಿದ್ದು. ಗಾಜಿನ ಎಳೆ ಜಾಸ್ತಿ ಬಗ್ಗಿದರೆ ಬೆಳಕು ತಿರುವಿನಲ್ಲಿ ಹೊರಗೆ ಸೋರಿಹೋಗುತ್ತದೆ.

ರಾತ್ರಿ ಮಾಡು ಸೋರಿದೆ ಎಂದು ಅಮ್ಮ ಓಎನ್‌ಟಿ ಇಟ್ಟ ಸ್ಟೂಲನ್ನು ಗೋಡೆಗೆ ಒತ್ತಿಟ್ಟಿದ್ದರು. ಹಿಂದೆ ಹಳದಿ ಪ್ಯಾಚ್ ಕಾರ್ಡ್ (ಪೆಟ್ಟಿಗೆಗೆ ಸಿಕ್ಕಿಸುವ ಗಿಡ್ಡ ಫೈಬರ್ ತಂತಿ) ಕಿಟಕಿ ಚೌಕಟ್ಟಿಗೆ ಸಿಕ್ಕಿ ಚೂಪಾಗಿ ಮಡಿಚಿಕೊಂಡಿತ್ತು. ಸ್ಟೂಲ್ ಈಚೆ ಎಳೆದೆ, ಮಡಿಕೆ ಬಿಡಿಸಿ ಅಗಲವಾಗಿ ಸುತ್ತಿಟ್ಟೆ. ಹಸಿರು ತುದಿಯ ಕನೆಕ್ಟರನ್ನು ಮಾತ್ರ ಬಿಚ್ಚಲಿಲ್ಲ. ಅದರ ಬಾಯಿಗೆ ಧೂಳು ತಾಗಿದರೆ ಅದೇ ಇನ್ನೊಂದು ಕಥೆ. ಮೈನಸ್ 19.6. ಹಸಿರು ದೀಪ.

ಈಗ ಪೆಟ್ಟಿಗೆಯನ್ನು ಗೋಡೆಗೆ ಮೊಳೆ ಹೊಡೆದು ಎತ್ತರಕ್ಕೆ ಹಾಕಿದ್ದೇನೆ. ಅದರ ಅಡಾಪ್ಟರ್ 12 ವೋಲ್ಟಿನದು, ಇನ್ವರ್ಟರ್ ಲೈನಿಗೆ ಕೊಟ್ಟೆ. ಗುಂಡಿ ಸೆಲ್ಲೂ ಬಂತು, ಗಡಿಯಾರ ಈಗ ಸರಿಯಾಗಿ ನಡೆಯುತ್ತಿದೆ.

ಉಳಿದದ್ದು ಒಂದು ತಲೆನೋವು. ಇದರಲ್ಲಿರುವುದು ವಿಂಡೋಸ್ 10. ಅದರ ಬೆಂಬಲಕ್ಕೆ ಕೊನೆಯ ದಿನ 2025ರ ಅಕ್ಟೋಬರ್ 14, ವಿಂಡೋಸ್ 11 ಈ ಪ್ರೊಸೆಸರಿಗೆ ಒಗ್ಗುವುದಿಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಬಹುದು, 4 ಜಿಬಿ ರ‍್ಯಾಮ್‌ನಲ್ಲಿ ನಡೆಯುತ್ತದೆ. ಆದರೆ ಅಪ್ಪನ ಸೊಸೈಟಿ ವರದಿಗಳೆಲ್ಲ ಹಳೆ ನುಡಿ ಫಾಂಟಿನಲ್ಲಿವೆ. ಅವನ್ನೆಲ್ಲ ಮೊದಲು ಯೂನಿಕೋಡಿಗೆ ತಿರುಗಿಸಬೇಕು. ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲಿ ಎಡವುತ್ತವೋ ಕೂತು ನೋಡಬೇಕು. ಮಳೆಗಾಲ ಇನ್ನೂ ಬೇಕಷ್ಟಿದೆ, ದಿನಕ್ಕೊಂದಿಷ್ಟು ಮಾಡುತ್ತೇನೆ. ನಾಳೆ 2018ರ ಫೋಲ್ಡರಿನಿಂದ ಶುರು.