ಕೌಂಟ್‌ಡೌನ್ ಕನ್ನಡದಲ್ಲಿ: ಎಂಟು ವಾರದ ಕೆಲಸದ ಟಿಪ್ಪಣಿ

ವಾರ 1

ಟಿವಿಯಲ್ಲಿ ಬಂದ ಪದದ ಆಟಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಬ್ರಿಟನ್ನಿನ ಕೌಂಟ್‌ಡೌನ್. ಅದನ್ನು ಕನ್ನಡದಲ್ಲಿ, ಫೋನಿನಲ್ಲೇ ಆಡುವ ಹಾಗೆ ಮಾಡಬೇಕು ಅನ್ನೋದು ಹಳೇ ಆಸೆ. ಈ ವಾರ ಕೊನೆಗೂ ಕೆಲಸಕ್ಕೆ ಕೂತೆ.

ಆಟ ಬಹಳ ಸರಳ. ಮೇಜಿನ ಮೇಲೆ ಅಕ್ಷರದ ಬಿಲ್ಲೆಗಳ ಎರಡು ಕಟ್ಟು ಇರುತ್ತವೆ. ಒಂದರಲ್ಲಿ ಸ್ವರ, ಇನ್ನೊಂದರಲ್ಲಿ ವ್ಯಂಜನ. ಸ್ಪರ್ಧಿ ಯಾವ ಕಟ್ಟಿನಿಂದ ಬೇಕು ಅಂತ ಹೇಳುತ್ತಾ ಹೋಗುತ್ತಾರೆ, ಒಂಬತ್ತು ಅಕ್ಷರ ಸೇರುತ್ತವೆ. ಆಮೇಲೆ 30 ಸೆಕೆಂಡ್. ಅಷ್ಟರಲ್ಲಿ ಆ ಅಕ್ಷರಗಳಿಂದ ಆದಷ್ಟು ಉದ್ದದ ಪದ ಕಟ್ಟಬೇಕು. ಅಕ್ಷರಕ್ಕೊಂದು ಅಂಕ. ಒಂಬತ್ತನ್ನೂ ಬಳಸಿದರೆ 18. ನಡುವೆ ಲೆಕ್ಕದ ಸುತ್ತು ಇದೆ, ಕೊನೆಗೆ ಕಲಸಿದ ಒಂದು ಪದವನ್ನು ಬಿಡಿಸುವ ಸುತ್ತು.

ಇದರ ಬೇರು ಫ್ರಾನ್ಸಿನಲ್ಲಿದೆ. ಅರ್ಮಾಂ ಜಾಮೋ 1965ರಲ್ಲಿ ಶುರು ಮಾಡಿದ ಪದದ ಆಟಕ್ಕೆ 1972ರಲ್ಲಿ ಲೆಕ್ಕವೂ ಸೇರಿತು. ಬ್ರಿಟನ್ನಿಗೆ ಬಂದದ್ದು 1982ರಲ್ಲಿ. ನವೆಂಬರ್ 2ರಂದು ಚಾನೆಲ್ 4 ಹುಟ್ಟಿದಾಗ ಅದರಲ್ಲಿ ಮೊಟ್ಟಮೊದಲು ಬಂದ ಕಾರ್ಯಕ್ರಮವೇ ಕೌಂಟ್‌ಡೌನ್. ಫ್ರೆಂಚ್ ಆಟ 2024ರಲ್ಲಿ ನಿಂತಿತು. ಆ ಸುದ್ದಿ ಕೇಳಿದ ಮೇಲೆಯೇ ನನಗೆ ಇದನ್ನು ಇನ್ನು ಮುಂದೂಡಬಾರದು ಅನ್ನಿಸಿದ್ದು.

ಏನು ಉಳಿಸಿಕೊಳ್ಳಬೇಕು ಅಂತ ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಈ ಆಟದಲ್ಲಿ ಸ್ಪರ್ಧಿಗೆ ಸಿಗುವ ಅಕ್ಷರಗಳೇ ಮನೆಯಲ್ಲಿ ಕೂತವರಿಗೂ ಸಿಗುತ್ತವೆ. ಅಷ್ಟೇ ಹೊತ್ತು ಸಿಗುತ್ತದೆ. ಕೂತಲ್ಲಿಂದಲೇ ಕೂಗಬಹುದು. ಇದೊಂದು ಹೋದರೆ ಉಳಿದದ್ದೆಲ್ಲ ಇದ್ದೂ ಪ್ರಯೋಜನವಿಲ್ಲ. ಲೆಕ್ಕದ ಸುತ್ತನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ನನಗೆ ಬೇಕಿರುವುದು ಪದ.

ವಾರ 2 ಮತ್ತು 3

ಎರಡು ವಾರ ಹಿಡಿದದ್ದು ಒಂದೇ ಪ್ರಶ್ನೆ. ಕನ್ನಡದಲ್ಲಿ ಒಂದು ಬಿಲ್ಲೆಯ ಮೇಲೆ ಏನು ಬರೆಯಬೇಕು?

ಇಂಗ್ಲಿಷಿನಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ನಮ್ಮಲ್ಲಿ 'ಕನ್ನಡ' ಅನ್ನೋ ಪದವನ್ನೇ ತೆಗೆದುಕೊಳ್ಳಿ. ಬರೆದಾಗ ಮೂರು ಅಕ್ಷರ: ಕ, ನ್ನ, ಡ. ವ್ಯಂಜನ ಎಣಿಸಿದರೆ ನಾಲ್ಕು: ಕ, ನ, ನ, ಡ. ಕಂಪ್ಯೂಟರಿಗೆ ಐದು, ಯಾಕೆಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ ಎರಡು ನಕಾರದ ನಡುವೆ, ಸ್ವರ ಇಲ್ಲ ಅಂತ ಹೇಳುವ ಒಂದು ಹಲಂತ ಚಿಹ್ನೆ ಕೂತಿರುತ್ತದೆ. ಒಂದೇ ಪದಕ್ಕೆ ಮೂರು ಲೆಕ್ಕ.

ಮೊದಲು ಇಡೀ ಅಕ್ಷರದ ಬಿಲ್ಲೆ ಮಾಡಿದೆ: ಕಿ, ಗೆ, ತೋ, ಳು ಹೀಗೆ. 34 ವ್ಯಂಜನಕ್ಕೆ 13 ಸ್ವರ ಅಂದರೂ 442 ಕಾಗುಣಿತದ ರೂಪಗಳು, ಒತ್ತಕ್ಷರ ಬಿಟ್ಟು. ಒಂಬತ್ತು ಬಿಲ್ಲೆ ಹಾಕಿದರೆ ಎರಡಕ್ಷರದ ಪದ ಸಿಗುವುದೂ ಕಷ್ಟ. ಅದನ್ನು ಒಂದೇ ದಿನದಲ್ಲಿ ಬಿಟ್ಟೆ.

ಆಮೇಲೆ ಯೂನಿಕೋಡಿನ ದಾರಿ ಹಿಡಿದೆ. ವ್ಯಂಜನ ಬೇರೆ, ಚಿಹ್ನೆ ಬೇರೆ. ಗುಡಿಸಿಗೆ ಒಂದು ಬಿಲ್ಲೆ, ಕೊಂಬಿಗೆ ಒಂದು, ಏತ್ವಕ್ಕೆ ಒಂದು. ಕೋಡ್ ಬರೆಯೋಕೆ ಸುಲಭ. ಆಡೋಕೆ ಆಗಲೇ ಇಲ್ಲ. 'ಹೂವು' ಅಂದುಕೊಂಡಾಗ ನಮ್ಮ ತಲೆಗೆ ಬರುವುದು ಹೂ, ವು. ಹಕಾರ, ಕೊಂಬಿನಿಳಿ, ವಕಾರ, ಕೊಂಬು ಅಂತ ಯಾರೂ ಯೋಚಿಸುವುದಿಲ್ಲ ಅಲ್ವಾ?

ಕೊನೆಗೆ ನಿಂತದ್ದು ಮೂರನೇ ದಾರಿಯಲ್ಲಿ. ಬಿಲ್ಲೆಯ ಮೇಲೆ ಬರೀ ವ್ಯಂಜನ. ಕಾಗುಣಿತ ಆಡುವವರ ಕೈಯಲ್ಲಿ. ಬೇಕಾದ ಸ್ವರ ಸೇರಿಸಿಕೊಳ್ಳಬಹುದು, ಅದಕ್ಕೆ ಬಿಲ್ಲೆ ಬೇಡ, ಅಂಕವೂ ಇಲ್ಲ. ಒತ್ತಕ್ಷರ ಬಂದರೆ ಎರಡೂ ವ್ಯಂಜನದ ಬಿಲ್ಲೆ ಬೇಕು.

ಪರೀಕ್ಷೆಗೆ ಎರಡೇ ಬಿಲ್ಲೆ ಇಟ್ಟುಕೊಂಡೆ, ಕ ಮತ್ತು ಲ. ಕಾಲು, ಕಾಲ, ಕಲೆ, ಕಲಿ, ಕೋಲು, ಕೋಲ, ಕೀಲು, ಕೊಲೆ. ಇನ್ನೂ ಬರುತ್ತಲೇ ಇದ್ದವು. ಆಗ ನನಗೆ ಮೈ ಜುಮ್ಮೆಂದಿತು. ಸ್ವರಗಳನ್ನು ಬದಲಾಯಿಸುತ್ತಾ ನಾಲಗೆಯ ಮೇಲೆ ಪದ ಹುಡುಕುವ ಈ ಸುಖ ಮೂಲ ಆಟದಲ್ಲಿ ಇಲ್ಲ.

ಒಂದು ತೊಡಕಿತ್ತು. ಮೂಲದಲ್ಲಿ ಸ್ವರ ಬೇಕಾ, ವ್ಯಂಜನ ಬೇಕಾ ಅಂತ ಆರಿಸುವ ಗಳಿಗೆಯೇ ಒಂದು ಆಟ. ನಮ್ಮಲ್ಲಿ ಸ್ವರದ ಕಟ್ಟೇ ಇಲ್ಲವಾಯಿತು. ವರ್ಣಮಾಲೆಯನ್ನು ನೋಡುತ್ತಾ ಕೂತಾಗ ಉತ್ತರ ಅಲ್ಲೇ ಇತ್ತು: ವರ್ಗೀಯ, ಅವರ್ಗೀಯ. ಕ ವರ್ಗದಿಂದ ಪ ವರ್ಗದವರೆಗೆ 25, ಯ ರ ಲ ವ ಶ ಷ ಸ ಹ ಳ 9. ಒಂಬತ್ತರಲ್ಲಿ ಮೂರಾದರೂ ಅವರ್ಗೀಯ ಇರಲೇಬೇಕು ಅಂತ ನಿಯಮ ಮಾಡಿದೆ. ರ, ಲ, ಸ ಇಲ್ಲದೆ ಪದ ಮುಂದೆ ಹೋಗುವುದೇ ಇಲ್ಲ.

ಪದದ ಮೊದಲಿಗೆ ಬರುವ ಅ, ಆ, ಇ ಇತ್ಯಾದಿಗೆ ಹತ್ತನೆಯದಾಗಿ ಒಂದು 'ಸ್ವರ' ಬಿಲ್ಲೆ. ಯಾವ ಸ್ವರಕ್ಕೆ ಬೇಕಾದರೂ ನಡೆಯುತ್ತದೆ, ಒಂದು ಅಂಕವೂ ಇದೆ. ಸೊನ್ನೆ, ಅಂದರೆ ಅನುಸ್ವಾರ, ಉಚಿತ. ಙ, ಞ ಎರಡನ್ನೂ ತೆಗೆದೆ. ಆದರೆ ಞ ತೆಗೆದರೆ ಜ್ಞಾನವೇ ಬರುವುದಿಲ್ಲ! ಅದಕ್ಕೇ 'ಜ್ಞ' ಅನ್ನುವುದನ್ನೇ ಒಂದು ಬಿಲ್ಲೆ ಮಾಡಿದೆ. ಆಜ್ಞೆ, ವಿಜ್ಞಾನ, ಕೃತಜ್ಞ ಎಲ್ಲ ಉಳಿದವು.

ವಾರ 4

ನಿಘಂಟು. ಕೌಂಟ್‌ಡೌನ್‌ನಲ್ಲಿ ನಿಘಂಟಿಗೆ ಅಂತಲೇ ಒಂದು ಮೂಲೆ ಇದೆ. ಸೂಸಿ ಡೆಂಟ್ 1992ರಿಂದ ಅಲ್ಲಿ ಕೂತು ಪದಗಳನ್ನು ಒಪ್ಪುತ್ತಾರೆ, ತಳ್ಳುತ್ತಾರೆ, ಅವು ಎಲ್ಲಿಂದ ಬಂದವು ಅಂತ ಹೇಳುತ್ತಾರೆ. ಆ ಮೂಲೆ ನನಗೂ ಬೇಕು.

ಪದಪಟ್ಟಿಗೆ ವಿ. ಕೃಷ್ಣ ಅವರ 'ಅಲರ್' ನಿಘಂಟನ್ನು ಹಿಡಿದೆ. ಒಂದೂವರೆ ಲಕ್ಷಕ್ಕೂ ಜಾಸ್ತಿ ಪದ, ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಸಿಗುತ್ತದೆ. ಒಬ್ಬರು ಇಷ್ಟನ್ನು ಕೂಡಿಸಿ ಹಂಚಿಕೊಂಡಿದ್ದಾರೆ ಅನ್ನೋದನ್ನು ನೆನೆದಾಗಲೆಲ್ಲ ಮನಸ್ಸು ತುಂಬುತ್ತದೆ. ಅನುಮಾನ ಬಂದಾಗ ನೋಡೋಕೆ 1894ರ ಕಿಟೆಲ್ ನಿಘಂಟು ಪಕ್ಕದಲ್ಲಿದೆ.

ಪ್ರತ್ಯಯದ ವಿಷಯ ತೀರ್ಮಾನಿಸೋಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. 'ಮನೆ' ಎರಡು ಬಿಲ್ಲೆ, 'ಮನೆಗಳಲ್ಲಿ' ಆರು. ಬಿಟ್ಟರೆ ಎಲ್ಲರೂ ಎಲ್ಲದಕ್ಕೂ '-ಗಳಲ್ಲಿ' ಅಂಟಿಸಿಕೊಂಡು ಹೋಗುತ್ತಾರೆ. ಹಾಗಾಗಿ ಬಹುವಚನವೂ ಇಲ್ಲ, ವಿಭಕ್ತಿಯೂ ಇಲ್ಲ. ಇಂಗ್ಲಿಷ್ ಆಟದಲ್ಲಿ ಬಹುವಚನ ನಡೆಯುತ್ತದೆ, ಅಲ್ಲಿ ಅದರಿಂದ ಸಿಗುವುದು ಒಂದೋ ಎರಡೋ ಅಂಕ. ನಮ್ಮಲ್ಲಿ ಅದು ಆಟವನ್ನೇ ನುಂಗುತ್ತದೆ.

ಇನ್ನೊಂದು ಕಷ್ಟ ಹಳಗನ್ನಡದ್ದು. ಕಂಪ್ಯೂಟರ್ ಹುಡುಕಿ ಕೊಡುವ ಅತಿ ಉದ್ದದ ಪದ ಬಹಳ ಸಲ ಈಗ ಯಾರೂ ಆಡದ ಪದ. 'ಪಾಲ್' ಅಂದರೆ ಹಾಲು ಅಂತ ತಿಳಿಯುವುದು ಚೆಂದವೇ. ಆದರೆ ಪ್ರತಿ ಸಲವೂ ಗೊತ್ತಿಲ್ಲದ ಪದಕ್ಕೇ ಸೋತರೆ ಯಾರಿಗಾದರೂ ಬೇಜಾರು ಬರುತ್ತದೆ. ಈಗ ಸುತ್ತು ಮುಗಿದ ಮೇಲೆ ಎರಡು ಪದ ತೋರಿಸುತ್ತೇನೆ: ಬಳಕೆಯ ಪದಗಳಲ್ಲಿ ಉದ್ದದ್ದು ಒಂದು, ನಿಘಂಟಿನಲ್ಲಿ ಉದ್ದದ್ದು ಇನ್ನೊಂದು, ಅರ್ಥದ ಜೊತೆ. ಗೆಲುವು ಸೋಲಿಗೆ ಲೆಕ್ಕ ಮೊದಲನೆಯದು ಮಾತ್ರ.

ಚಿಕ್ಕ ವಿಷಯ, ಆದರೆ ಎರಡು ಸಂಜೆ ತಿಂದಿತು. ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಏತ್ವ ಮತ್ತು ಕೊಂಬಿನಿಳಿಯ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. 'ಕೊಡೆ' ಸರಿಯಾಗಿ ಬರೆದರೂ ತಪ್ಪು ಅಂತ ಬರುತ್ತಿತ್ತು. ಹೋಲಿಸುವ ಮೊದಲು ಎಲ್ಲ ಪದಗಳನ್ನೂ ಒಂದೇ ರೂಪಕ್ಕೆ ತಂದ ಮೇಲೆ ಸರಿಹೋಯಿತು.

ವಾರ 5

ಮೊದಲ ಸಲ ಮನೆಯವರ ಜೊತೆ ಆಡಿದೆ. ಅಮ್ಮ, ಅಕ್ಕನ ಮಗಳು, ನಾನು. ಫೋನನ್ನು ಟಿವಿಗೆ ಜೋಡಿಸಿದೆ. ಮೂರನೇ ಸುತ್ತಿನಲ್ಲಿ ಬಂದ ಬಿಲ್ಲೆಗಳು ಇವು:

ಮ ನ ಗ ಲ ಸ ರ ತ ಕ ಡ

ಗಡಿಯಾರ ಓಡತೊಡಗಿತು. ಅಕ್ಕನ ಮಗಳು ಹತ್ತು ಸೆಕೆಂಡಿಗೇ "ಕನ್ನಡಿಗ!" ಅಂತ ಕೂಗಿದಳು. ನಾನು ಟೈಪ್ ಮಾಡಿದೆ. ಕೆಂಪು ಬಣ್ಣ ಬಂತು. ನಕಾರ ಒಂದೇ ಇತ್ತು, ಪದಕ್ಕೆ ಎರಡು ಬೇಕು.

"ಚಿಕ್ಕಮ್ಮ, ಕನ್ನಡದ ಆಟದಲ್ಲಿ ಕನ್ನಡಿಗ ತಪ್ಪಾ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಅಮ್ಮ ನಿಧಾನಕ್ಕೆ "ಮನೆಗೆಲಸ" ಅಂದರು. ಐದು. ಸಮಯ ಮುಗಿಯೋಕೆ ಇನ್ನೇನು ಎರಡು ಸೆಕೆಂಡ್ ಇದೆ ಅನ್ನುವಾಗ, ಬೆರಳು ಮಡಚಿ ಎಣಿಸುತ್ತಾ, "ಇರು ಇರು, ಕೆಲಸಗಾರ್ತಿ!" ಅಂದರು. ಕ, ಲ, ಸ, ಗ, ರ, ತ. ಆರು. ಕಂಪ್ಯೂಟರ್ ಕೊಟ್ಟ ಬಳಕೆಯ ಪದವೂ ಅದೇ. ಅಮ್ಮನ ಮುಖ ನೋಡಬೇಕಿತ್ತು. ಬರೆಯುವಾಗ ಅರ್ಕಾವೊತ್ತು ತಕಾರದ ನಂತರ ಬಂದರೂ, ರಕಾರವನ್ನು ಮೊದಲು ಎಣಿಸಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಕಿವಿಯೇ ಹೇಳಿತು.

ಆ ರಾತ್ರಿ 'ಕನ್ನಡಿಗ' ತಲೆಯಿಂದ ಹೋಗಲಿಲ್ಲ. ಅಲ್ಲಿಯವರೆಗೆ ಸೋತ ಪದಗಳ ಪಟ್ಟಿ ತೆಗೆದು ನೋಡಿದೆ. ಅಕ್ಕಿ, ಹಳ್ಳಿ, ಬೆಳ್ಳಿ, ಕಲ್ಲು, ಬೆಟ್ಟ, ಕತ್ತಲೆ. ಎಲ್ಲವೂ ಸಜಾತೀಯ ಒತ್ತಿನ ಪದಗಳು, ಅದೇ ಅಕ್ಷರಕ್ಕೆ ಅದೇ ಒತ್ತು. ಅಚ್ಚಗನ್ನಡ ಪದಗಳಲ್ಲಿ ಇವು ತುಂಬಿಕೊಂಡಿವೆ. ಸಂಸ್ಕೃತದಿಂದ ಬಂದ ಪದಗಳಲ್ಲಿ ಸೂರ್ಯ, ಪುಸ್ತಕ, ಸಮಗ್ರ ಹೀಗೆ ವಿಜಾತೀಯ ಒತ್ತು ಜಾಸ್ತಿ, ಅವಕ್ಕೆ ಜೋಡಿ ಬಿಲ್ಲೆ ಬೇಕಿಲ್ಲ. ಅಂದರೆ ನನ್ನ ನಿಯಮ ನನಗೆ ಗೊತ್ತಿಲ್ಲದೆಯೇ ಮನೆಮಾತಿನ ಪದಗಳನ್ನು ಹೊರಗಿಡುತ್ತಿತ್ತು. ಇದು ತಿಳಿದಾಗ ನಿಜಕ್ಕೂ ಬೇಸರವಾಯಿತು.

ಮರುದಿನವೇ ಬದಲಾಯಿಸಿದೆ. ಸಜಾತೀಯ ಒತ್ತು ಉಚಿತ. ಒಂದು ನಕಾರ ಇದ್ದರೆ 'ನ್ನ' ಕೂಡ ನಿಮ್ಮದೇ. ಅಂಕ ಒಂದೇ. ಅಕ್ಕನ ಮಗಳಿಗೆ ಫೋನ್ ಮಾಡಿ ನಾಲ್ಕು ಅಂಕ ಸೇರಿಸಿದ್ದೇನೆ ಅಂತ ಹೇಳಿದೆ.

ವಾರ 6

ಗಡಿಯಾರ. ಮೂಲದ ಗಡಿಯಾರದಲ್ಲಿ ಮುಳ್ಳು ಓಡುವುದು ಅರ್ಧ ಸುತ್ತು ಮಾತ್ರ, ಹನ್ನೆರಡರಿಂದ ಆರಕ್ಕೆ. ಅದರ ಸಂಗೀತವನ್ನು ಅಲನ್ ಹಾಕ್‌ಶಾ ಬರೆದದ್ದು. ಅದು ಅವರದ್ದು, ನಾನು ಮುಟ್ಟುವಂತಿಲ್ಲ. ಸದ್ಯಕ್ಕೆ ನನ್ನದು ಬರೀ ಟಿಕ್ ಟಿಕ್, ಕೊನೆಯ ಐದು ಸೆಕೆಂಡಿಗೆ ಸ್ವಲ್ಪ ಜೋರು.

ಕಾಗುಣಿತ ತಿರುಗಿಸೋಕೆ ಹೊತ್ತು ಬೇಕು ಅಂತ 60 ಸೆಕೆಂಡ್ ಕೊಟ್ಟು ನೋಡಿದೆ. ಸುಮ್ನೆ ಎಳೆದಂತಾಯಿತು. ಆಡುವವರು ಮೊದಲ ಅರ್ಧದಲ್ಲೇ ಪದ ಹೇಳಿ ಆಮೇಲೆ ಫೋನ್ ಕಡೆ ನೋಡುತ್ತಿರಲಿಲ್ಲ. 45 ಕೂಡ ಹಾಗೆಯೇ. 30ಕ್ಕೇ ವಾಪಸ್ ಬಂದೆ.

ಈಗಿನವರಿಗೆ ಹಿಡಿಸಲಿ ಅಂತ ಮಾಡಿದ್ದ ಕೆಲವನ್ನು ಈ ವಾರ ಕಿತ್ತು ಹಾಕಿದೆ. ನಾಣ್ಯ, ಹಂತ, ಪ್ರತಿ ಗಂಟೆಗೊಂದು ಹೊಸ ಆಟ, ಎಲ್ಲ. ಯಾಕೆ ಅಂತ ಹೇಳುತ್ತೇನೆ. ಲಿಂಗೋ ಅನ್ನೋ ಟಿವಿ ಆಟ 1987ರದ್ದು. ಐದಕ್ಷರದ ಪದ ಊಹಿಸಬೇಕು, ಸರಿಯಾದ ಅಕ್ಷರ ಯಾವುದು ಅಂತ ಗುರುತು ತೋರಿಸುತ್ತಾರೆ. 2021ರಲ್ಲಿ ಜೋಶ್ ವಾರ್ಡಲ್ ಬಿಡುಗಡೆ ಮಾಡಿದ ವರ್ಡಲ್ ಅದಕ್ಕೆ ಬಹಳ ಹತ್ತಿರದ್ದು. ಅದರಲ್ಲಿ ನಾಣ್ಯ ಇರಲಿಲ್ಲ, ಹಂತ ಇರಲಿಲ್ಲ. ದಿನಕ್ಕೆ ಒಂದೇ ಪದ, ಎಲ್ಲರಿಗೂ ಅದೇ ಪದ. "ನಿನಗೆ ಎಷ್ಟಕ್ಕೆ ಬಂತು?" ಅಂತ ಕೇಳೋಕೆ ಆಗುತ್ತಿತ್ತು. ನಾನು ಮೊದಲ ವಾರ ಚೀಟಿಯಲ್ಲಿ ಬರೆದುಕೊಂಡದ್ದೂ ಇದನ್ನೇ. ಹಾಗಾಗಿ ನಮ್ಮಲ್ಲೂ ದಿನಕ್ಕೆ ಒಂದೇ ಕಟ್ಟು, ಎಲ್ಲರಿಗೂ ಅದೇ ಬಿಲ್ಲೆಗಳು.

ವಾರ 7

ಕೊನೆಯ ಸುತ್ತು, ಕಲಸಿದ ಪದ. ಇಲ್ಲಿ ಮಾತ್ರ ಇಡೀ ಅಕ್ಷರಗಳನ್ನೇ ಕೊಡುತ್ತೇನೆ. ಮೊದಲು 'ಬ್ದಾ ರಿ ಜ ವಾ' ಹಾಕಿದೆ. ಎಲ್ಲರೂ ಕಣ್ಣು ಮಿಟುಕಿಸುವಷ್ಟರಲ್ಲಿ ಜವಾಬ್ದಾರಿ ಅಂದರು. 'ಬ್ದಾ' ಪದದ ಮೊದಲಿಗೆ ಬರುವುದೇ ಇಲ್ಲವಲ್ಲ, ಅದೇ ಗುಟ್ಟು ಬಿಟ್ಟುಕೊಡುತ್ತದೆ. ಒತ್ತಕ್ಷರ ಇಲ್ಲದ ಪದಗಳೇ ಇಲ್ಲಿಗೆ ಸರಿ. 'ಗಿ ಲೆ ಲು ತ ಬಾ' ಕೊಟ್ಟಾಗ ಅಮ್ಮನಿಗೂ ಇಪ್ಪತ್ತು ಸೆಕೆಂಡ್ ಬೇಕಾಯಿತು. ಉತ್ತರ: ತಲೆಬಾಗಿಲು.

ವಾರ 8

ದಿನದ ಕಟ್ಟು ಮುಂದಿನ ಸೋಮವಾರದಿಂದ ಶುರು. ಮೊದಲ ಹತ್ತು ದಿನದ ಕಟ್ಟುಗಳನ್ನು ಕೂತು ಕೈಯಾರೆ ನೋಡುತ್ತಿದ್ದೇನೆ. ನಿನ್ನೆ ಈ ಕಟ್ಟು ಬಂತು:

ಹ ರ ಸ ಮ ನ ಗ ತ ಬ ಟ, ಮತ್ತು ಸ್ವರ

ನನಗೆ ಮೊದಲು ಕಂಡದ್ದು ಆಟಗಾರ್ತಿ, ಐದು. ಆಮೇಲೆ ಸೋಮಾರಿತನ, ಮಹಾನಗರ, ಅವೂ ಐದು. ಕಂಪ್ಯೂಟರ್ ಕೂಡ ಐದಕ್ಕೇ ನಿಂತಿತ್ತು. ಅಮ್ಮನಿಗೆ ಓದಿ ಹೇಳಿದೆ. ಅಡುಗೆಮನೆಯಿಂದಲೇ "ಹಟಮಾರಿತನ" ಅಂದರು. ಹ, ಟ, ಮ, ರ, ತ, ನ. ಆರು!

ನನ್ನ ಬಳಕೆಯ ಪಟ್ಟಿಯಲ್ಲಿ ಇದ್ದದ್ದು 'ಹಠಮಾರಿತನ' ಮಾತ್ರ. ಮಹಾಪ್ರಾಣದ ಠ. ಆದರೆ ಹಟ, ಹಠ ಎರಡೂ ರೂಪ ಬಳಕೆಯಲ್ಲಿವೆ, ಮಾತಿನಲ್ಲಂತೂ ಹೆಚ್ಚಿನವರು ಹಟ ಅಂತಲೇ ಅನ್ನುತ್ತಾರೆ. ತತ್ಸಮ ಇದ್ದ ಕಡೆಯೆಲ್ಲ ತದ್ಭವವನ್ನೂ ಪಟ್ಟಿಗೆ ಸೇರಿಸುವ ಕೆಲಸ ಇವತ್ತು ಶುರು ಮಾಡಿದ್ದೇನೆ. 'ಅ' ಮುಗಿದಿದೆ, 'ಆ' ನಡೆಯುತ್ತಿದೆ. ಸೋಮವಾರದೊಳಗೆ 'ಹ' ತನಕ ಹೋಗಬೇಕು.