929ನೆಯ ಕಪಾಟಿನಲ್ಲಿ ಮುತ್ತಜ್ಜಿಯ ಹೆಸರು

ಮನೆತನದ ಹಿಂದಿನವರನ್ನು ಹುಡುಕುವ ಕೆಲಸವನ್ನು ನಾನೂ ಕಂಪ್ಯೂಟರಿನ ಮುಂದೆಯೇ ಆರಂಭಿಸಿದೆ. ಮುತ್ತಜ್ಜನ ಹೆಸರನ್ನು ಟೈಪ್ ಮಾಡಿದೊಡನೆ ಅದೇ ಹೆಸರಿನ, ಹೆಚ್ಚುಕಡಿಮೆ ಅದೇ ವಯಸ್ಸಿನ ಒಬ್ಬರು ಸಿಕ್ಕಿದರು. ಅವರ ಹಿಂದಿನ ನಾಲ್ಕು ತಲೆಮಾರುಗಳನ್ನು ಯಾರೋ ಮೊದಲೇ ಜೋಡಿಸಿಟ್ಟಿದ್ದರಿಂದ, ಅಷ್ಟನ್ನೂ ಸಂತೋಷದಿಂದ ನನ್ನ ವಂಶವೃಕ್ಷಕ್ಕೆ ಸೇರಿಸಿಕೊಂಡೆ. ಎಂಟು ತಿಂಗಳ ಬಳಿಕ ಸಾರ್ವಜನಿಕ ಗ್ರಂಥಾಲಯದಲ್ಲಿ ಊರಿನ ನಿವಾಸಿಗಳ ಪಟ್ಟಿಯಾದ ಹಳೆಯ ನಗರ ಡೈರೆಕ್ಟರಿಯೊಂದನ್ನು ತೆರೆದಾಗ, ಒಂದೇ ಪುಟದಲ್ಲಿ, ಒಂದರ ಕೆಳಗೆ ಒಂದರಂತೆ, ಆ ಹೆಸರಿನ ಇಬ್ಬರು ಕಂಡರು. ಒಬ್ಬರು ಗುಮಾಸ್ತರು, ಇನ್ನೊಬ್ಬರು ಬಡಗಿ, ಬೀದಿಗಳೂ ಬೇರೆ. ನಮ್ಮ ಮುತ್ತಜ್ಜ ಬಡಗಿಯಾಗಿದ್ದರೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಷ್ಟು ದಿನ ನಾನು ಗುಮಾಸ್ತರ ಪೂರ್ವಜರನ್ನು ನನ್ನವರೆಂದು ನಂಬಿಕೊಂಡಿದ್ದೆ.

ಆ ಡೈರೆಕ್ಟರಿಯ ಬಳಿಗೆ ನನ್ನನ್ನು ಕರೆದೊಯ್ದವರು ಗ್ರಂಥಪಾಲಕರು. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯ ಯಾವುದೇ ಆಗಿರಲಿ, ವಂಶಾವಳಿ ಮತ್ತು ಹೆಸರುಗಳ ಕುರಿತ ಪುಸ್ತಕಗಳು 929ನೆಯ ಸಂಖ್ಯೆಯಡಿ ಇರುತ್ತವೆ. ಹೊಸಬರು ಮೊದಲು ಹೋಗಿ ನಿಲ್ಲಬೇಕಾದ ಜಾಗ ಅದು. ಆದರೆ ಅಲ್ಲಿಗೆ ಹೋಗುವ ಮೊದಲೇ ಗ್ರಂಥಪಾಲಕರು ಕೇಳಿದ ಪ್ರಶ್ನೆ ನನ್ನ ಹುಡುಕಾಟದ ದಿಕ್ಕನ್ನೇ ಬದಲಿಸಿತು. ಹೆಸರು ಆಮೇಲೆ ನೋಡೋಣ, ನಿಮ್ಮ ಮುತ್ತಜ್ಜ ಯಾವ ವರ್ಷ ಎಲ್ಲಿದ್ದರು ಎಂಬುದು ಗೊತ್ತೇ ಎಂದು ಅವರು ಕೇಳಿದರು.

ಹೆಸರು ನಂಬಿಕೆಗೆ ಅರ್ಹವಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಸಮಯ ಹಿಡಿಯಿತು. ಬರೆದುಕೊಳ್ಳುವವರು ತಮ್ಮ ಕಿವಿಗೆ ಬಿದ್ದಂತೆ ಬರೆದಿರುತ್ತಾರೆ. ಅದನ್ನು ನೂರು ವರ್ಷಗಳ ಬಳಿಕ ಓದಿ ಸೂಚಿ ತಯಾರಿಸುವವರು ತಮ್ಮ ಕಣ್ಣಿಗೆ ಕಂಡಂತೆ ಓದಿರುತ್ತಾರೆ. ಕಾಗುಣಿತ ಬದಲಾದರೂ ಉಚ್ಚಾರಣೆಯ ಆಧಾರದ ಮೇಲೆ ಹೆಸರುಗಳನ್ನು ಒಟ್ಟುಗೂಡಿಸುವ ಸೌಂಡೆಕ್ಸ್ ಎಂಬ ವಿಧಾನಕ್ಕೆ ಅಮೆರಿಕದಲ್ಲಿ 1918ರಲ್ಲೇ ಪೇಟೆಂಟ್ ದೊರೆತಿತ್ತು ಎಂದರೆ, ಈ ತೊಡಕು ಎಷ್ಟು ಹಳೆಯದೆಂದು ಊಹಿಸಬಹುದು. ಸ್ಥಳವನ್ನು ಹಿಡಿದು ಹೊರಟರೆ ಹಾದಿ ಇಷ್ಟು ಜಾರುವುದಿಲ್ಲ. ಆಡಳಿತದ ಗಡಿಗಳು ಬದಲಾಗುತ್ತವೆ, ಆದ್ದರಿಂದ ಆ ಕಾಲದ ಭೂಪಟ ಮತ್ತು ಗೆಜೆಟಿಯರುಗಳನ್ನು ಮೊದಲು ನೋಡಿ, ಆ ಊರು ಆಗ ಯಾವ ಕಚೇರಿಯ ವ್ಯಾಪ್ತಿಯಲ್ಲಿತ್ತು ಎಂಬುದನ್ನು ತಿಳಿದುಕೊಳ್ಳಬೇಕು. ದಾಖಲೆ ಇರುವುದು ಆ ಹಳೆಯ ಕಚೇರಿಯ ಹೆಸರಿನಲ್ಲಿ.

ನಗರ ಡೈರೆಕ್ಟರಿಗಳ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕೆನಿಸುತ್ತದೆ. ಜನಗಣತಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. ಡೈರೆಕ್ಟರಿಗಳಾದರೋ ಅನೇಕ ನಗರಗಳಲ್ಲಿ ವರ್ಷವರ್ಷವೂ ಅಚ್ಚಾಗುತ್ತಿದ್ದವು. ಹೆಸರು, ಕಸುಬು, ವಿಳಾಸ, ಇಷ್ಟೇ ಒಂದು ಸಾಲು. ಆ ಒಂದು ಸಾಲನ್ನು ಇಪ್ಪತ್ತು ಸಂಪುಟಗಳಲ್ಲಿ ಸಾಲಾಗಿ ಓದುತ್ತಾ ಹೋದಾಗ ಒಂದು ಬದುಕು ಕಣ್ಣೆದುರು ಚಲಿಸತೊಡಗುತ್ತದೆ. ಮುತ್ತಜ್ಜ ಮೂರು ಬಾರಿ ಮನೆ ಬದಲಿಸಿದ್ದರು, ಒಮ್ಮೆ ಕಸುಬಿನ ಜಾಗದಲ್ಲಿ ಬಡಗಿಯ ಬದಲು ಕೂಲಿ ಎಂದಿತ್ತು, ಎರಡು ವರ್ಷಗಳ ಬಳಿಕ ಮತ್ತೆ ಬಡಗಿ ಎಂದಾಯಿತು. ಆ ಎರಡು ವರ್ಷಗಳಲ್ಲಿ ಏನಾಗಿತ್ತೆಂದು ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಮುಂದೆ ಒಂದು ಸಂಪುಟದಲ್ಲಿ ಅವರ ಸಾಲೇ ಇರಲಿಲ್ಲ. ಅದೇ ವಿಳಾಸದಲ್ಲಿ ಒಬ್ಬ ಹೆಂಗಸಿನ ಹೆಸರಿದ್ದು, ಪಕ್ಕದಲ್ಲಿ ಅವರ ವಿಧವೆ ಎಂದು ಅಚ್ಚಾಗಿತ್ತು. ನಮ್ಮ ಮುತ್ತಜ್ಜಿಯ ಸ್ವಂತ ಹೆಸರನ್ನು ನಾನು ಓದಿದ್ದು ಅದೇ ಮೊದಲು. ಗಂಡ ಬದುಕಿದ್ದ ಇಪ್ಪತ್ತು ಸಂಪುಟಗಳಲ್ಲಿ ಅವಳಿಗೆ ಒಂದು ಸಾಲೂ ಇರಲಿಲ್ಲ. ಆ ಪುಟದ ಮುಂದೆ ಬಹಳ ಹೊತ್ತು ಕುಳಿತಿದ್ದೆ.

ಮುತ್ತಜ್ಜನ ಸಾವು ಯಾವ ಎರಡು ಸಂಪುಟಗಳ ನಡುವೆ ಸಂಭವಿಸಿತೆಂದು ಹೀಗೆ ಗೊತ್ತಾದ ಮೇಲೆ, ಫಿಲ್ಮ್ ಸುರುಳಿಯಲ್ಲಿನ ಪುಟಗಳ ಕಿರುಚಿತ್ರಗಳನ್ನು ದೊಡ್ಡದಾಗಿಸಿ ತೋರಿಸುವ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕುಳಿತು ಅಷ್ಟು ತಿಂಗಳುಗಳ ಪತ್ರಿಕೆಗಳನ್ನು ಮಾತ್ರ ನೋಡಿದರೆ ಸಾಕಾಯಿತು. ದಿನಾಂಕದ ಅಂದಾಜಿಲ್ಲದೆ ಹಳೆಯ ಪತ್ರಿಕೆಗಳಿಗೆ ಕೈಹಾಕುವುದು ಕಣ್ಣಿಗೂ ಮನಸ್ಸಿಗೂ ದಂಡ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ ಮುಂತಾದ ಉಚಿತ ತಾಣಗಳಲ್ಲಿ ಪತ್ರಿಕೆಯ ಪಠ್ಯವನ್ನೇ ಹುಡುಕಬಹುದು ನಿಜ. ಆದರೂ ಮಸುಕಾದ ಅಚ್ಚನ್ನು ಯಂತ್ರ ತಪ್ಪಾಗಿ ಓದಿರುವುದುಂಟು. ಅಂಥ ಸಾಲುಗಳನ್ನು ಓದುಗರೇ ತಿದ್ದಲು ಟ್ರೋವ್ ಅವಕಾಶ ಕೊಟ್ಟಿದೆ. ಹೆಸರು ಸಿಗದಿದ್ದರೆ ಬೀದಿಯ ಹೆಸರನ್ನೋ ಕಸುಬನ್ನೋ ಕೊಟ್ಟು ನೋಡಿ.

ಚಂದಾ ಕಟ್ಟಬೇಕಾದ ದತ್ತಾಂಶ ಸಂಗ್ರಹಗಳನ್ನು ಅನೇಕ ಗ್ರಂಥಾಲಯಗಳು ತಮ್ಮ ಓದುಗರಿಗಾಗಿ ತರಿಸಿಕೊಳ್ಳುತ್ತವೆ. ಆನ್ಸೆಸ್ಟ್ರಿ ಸಂಸ್ಥೆಯ ಗ್ರಂಥಾಲಯ ಆವೃತ್ತಿಯನ್ನು ಸಾಮಾನ್ಯವಾಗಿ ಅಲ್ಲಿಯ ಕಂಪ್ಯೂಟರಿನಲ್ಲೇ ಕುಳಿತು ನೋಡಬೇಕು. ಹಳೆಯ ದಾಖಲೆಗಳ ಚಿತ್ರಗಳನ್ನು ಉಚಿತವಾಗಿ ಒದಗಿಸುವ ಫ್ಯಾಮಿಲಿಸರ್ಚ್ ಸಂಸ್ಥೆಯ ವಿಷಯ ಇನ್ನೂ ಮುಖ್ಯವಾದದ್ದು. ಆ ಸಂಸ್ಥೆಯ ಪೂರ್ವರೂಪವಾದ, ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ಸಂಘ 1938ರಲ್ಲಿ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಲು ಆರಂಭಿಸಿತು. ಫಿಲ್ಮ್ ಸುರುಳಿಗಳನ್ನು ಎರವಲು ಕಳುಹಿಸುವ ಪದ್ಧತಿ 2017ರಲ್ಲಿ ನಿಂತು, ಡಿಜಿಟಲ್ ಪ್ರತಿಗಳು ಅದರ ಸ್ಥಾನಕ್ಕೆ ಬಂದವು. ಖಾತೆ ತೆರೆಯಲು ಹಣ ಬೇಕಿಲ್ಲ. ಆದರೆ ಮನೆಯಿಂದ ತೆರೆಯದ ಕೆಲವು ಚಿತ್ರಗಳು, ಆ ಸಂಸ್ಥೆಯೊಂದಿಗೆ ಸಂಯೋಜನೆ ಹೊಂದಿದ ಗ್ರಂಥಾಲಯದ ಒಳಗಿಂದ ತೆರೆದುಕೊಳ್ಳುತ್ತವೆ. ಮನೆಯಲ್ಲಿ ಬೀಗದ ಚಿಹ್ನೆ ಕಂಡು ಕೈಬಿಟ್ಟವರು ಇದನ್ನು ಅಗತ್ಯವಾಗಿ ಪ್ರಯತ್ನಿಸಬೇಕು.

ಎಲ್ಲ ದಾಖಲೆಯೂ ಉಳಿದಿರುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ. ಅಮೆರಿಕದ 1890ರ ಜನಗಣತಿಯ ಬಹುಪಾಲು ಹಾಳೆಗಳು 1921ರ ಬೆಂಕಿಯಿಂದಾಗಿ ಇಲ್ಲವಾದವು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಗಣತಿಯ ಹಾಳೆಗಳು 1942ರಲ್ಲಿ ಸುಟ್ಟುಹೋದವು. ಇಂಥ ಕಡೆ ಡೈರೆಕ್ಟರಿ, ಮತದಾರರ ಪಟ್ಟಿ, ಸ್ಥಳೀಯ ಇತಿಹಾಸದ ಪುಸ್ತಕಗಳೇ ಆಸರೆ. ಹತ್ತಿರದ ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕವನ್ನು ಅಂತರ ಗ್ರಂಥಾಲಯ ಎರವಲಿನ ಮೂಲಕ ಬೇರೆಡೆಯಿಂದ ತರಿಸಿಕೊಳ್ಳುವ ಅನುಕೂಲವೂ ಅನೇಕ ಕಡೆ ಉಂಟು.

ಗುಮಾಸ್ತರ ಪ್ರಸಂಗದ ನಂತರ ನಾನು ಎರಡು ಶಿಸ್ತುಗಳನ್ನು ಬಿಟ್ಟಿಲ್ಲ. ಸೂಚಿಯಲ್ಲಿ ಸಿಕ್ಕ ಯಾವುದನ್ನೂ ಮೂಲ ಪುಟದ ಚಿತ್ರ ನೋಡುವವರೆಗೆ ವೃಕ್ಷಕ್ಕೆ ಸೇರಿಸುವುದಿಲ್ಲ, ಮತ್ತು ನೋಡಿಯೂ ಏನೂ ಸಿಗದ ಸಂಪುಟದ ಹೆಸರು, ವರ್ಷ, ಪುಟಗಳನ್ನು ಸಿಕ್ಕದ್ದರಷ್ಟೇ ಜಾಗರೂಕತೆಯಿಂದ ಬರೆದಿಡುತ್ತೇನೆ. ಪೂರ್ವಜರಿಗೆ ಸಂಖ್ಯೆ ಕೊಡುವ ಹಳೆಯ ಕ್ರಮವೊಂದಿದೆ: ನಾನು 1, ತಂದೆ 2, ತಾಯಿ 3, ಯಾರ ಸಂಖ್ಯೆಯನ್ನಾದರೂ ಇಮ್ಮಡಿಸಿದರೆ ಅವರ ತಂದೆಯದು, ಅದಕ್ಕೆ ಒಂದು ಕೂಡಿದರೆ ತಾಯಿಯದು. ಆ ಲೆಕ್ಕದಲ್ಲಿ ಬಡಗಿ ಮುತ್ತಜ್ಜ 8, ಮುತ್ತಜ್ಜಿ 9. ಅವಳ ತಂದೆತಾಯಿಯ 18 ಮತ್ತು 19ನೆಯ ಸ್ಥಾನಗಳು ಇನ್ನೂ ಖಾಲಿ ಇವೆ. ವಿಧವೆಯಾದ ಮೇಲಿನ ಸಂಪುಟಗಳಲ್ಲಿ ಅವಳ ವಿಳಾಸ ಒಮ್ಮೆ ಬದಲಾಗಿದೆ. ಆ ಹೊಸ ಮನೆಯಲ್ಲಿ ಮೊದಲಿನಿಂದಲೂ ವಾಸವಾಗಿದ್ದವರು ಯಾರು ಎಂಬುದನ್ನು ನೋಡಲು ಅದೇ ಡೈರೆಕ್ಟರಿಯ ಬೀದಿವಾರು ಪಟ್ಟಿಯನ್ನು ಮುಂದಿನ ವಾರಕ್ಕೆ ಕಾಯ್ದಿರಿಸಿ ಬಂದಿದ್ದೇನೆ.